ಸುಲಭ ರೋಗಿ ಕೇತಮ್ಮ

ಫೆಬ್ರವರಿ ೩೦, ೨೧೮೭
ಬಿಸಿಲುಬಿಡುವು, ಮಧ್ಯಾಹ್ನ ಹನ್ನೆರಡೂವರೆ

ನೂರ ಅರವತ್ತು ವರ್ಷ ಹಿಂದಿರುವ ಹಿರಿಯರೇ,

ತಾರೀಖು ನೋಡಿ ನಗಬೇಡಿ. ಜನವರಿಯಿಂದ ಒಂದು ದಿನ, ಮಾರ್ಚಿನಿಂದ ಒಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟು ನಮ್ಮಲ್ಲಿ ಎಪ್ಪತ್ತು ವರ್ಷವಾಯಿತು. ತಿಂಗಳುಗಳಿಗೆ ಸಮಪಾಲು ಹಂಚುವುದು ಸುಲಭ, ಅವುಗಳಿಗೆ ಭಾವಮೈದುನರಿಲ್ಲ. ನಡುನಡುವೆ ನನ್ನ ಮಾತು ನಿಮಗೆ ಅಪರಿಚಿತವೆನಿಸಿದರೆ ಮನ್ನಿಸಿ. ನೂರ ಅರವತ್ತು ವರ್ಷ ಬಿಸಿಲಿನಲ್ಲಿ ನಿಂತ ಭಾಷೆ ಅಲ್ಲಲ್ಲಿ ಸುಕ್ಕಾಗಿದೆ, ಅಲ್ಲಲ್ಲಿ ಚಿಗುರಿದೆ. ಹೊಸ ಪದ ಬಂದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ.

ಮೊದಲನೆಯದು ಈ ಕಾಗದವೇ. ಇದಕ್ಕೆ ಹಿಂದೋಲೆ ಎಂದು ಹೆಸರು. ರಾಗವಲ್ಲ, ರೋಗವೂ ಅಲ್ಲ. ಹಿಂದಕ್ಕೆ ಬರೆಯುವ ಓಲೆ. ಹತ್ತು ಜನರ ಬದುಕು ತಿರುಗಿಸುವ ಯಾವುದೇ ಪಟ್ಟಿಗೆ ಸಹಿ ಹಾಕುವ ಅಧಿಕಾರಿ, ಸಹಿಗೆ ಮುಂಚೆ, ತಾನು ಮಾಡುತ್ತಿರುವುದು ಏನೆಂದು ಹಿಂದಿನ ಕಾಲದವರಿಗೆ ಬರೆದು ತಿಳಿಸಬೇಕು ಎಂಬುದು ನಮ್ಮ ಕಾನೂನು. ಇಲ್ಲಿಯವರು ಅದನ್ನು ತೆರೆಯುವಂತಿಲ್ಲ. ಉತ್ತರ ಬರುವಂತಿಲ್ಲವಾದ್ದರಿಂದ ಅಧಿಕಾರಿ ಸುಳ್ಳು ಹೇಳಲಾರ ಎಂಬ ನಂಬಿಕೆ. ಉತ್ತರ ಬರದ ಕಾಗದ ಬರೆಯುವುದರಲ್ಲಿ ನಮ್ಮ ಜನ ನಿಮ್ಮ ಕಾಲದಿಂದಲೇ ಪಳಗಿದ್ದರೆಂದು ಕೇಳಿದ್ದೇನೆ. ಹದಿನೆಂಟು ವರ್ಷ ನಾನು ಈ ಕಾಗದವನ್ನು ನಾಲ್ಕು ಸಾಲಿನಲ್ಲಿ ಮುಗಿಸಿದ್ದೆ: ಎಲ್ಲ ಸರಿಯಾಗಿದೆ, ಯಾರಿಗೂ ಪಕ್ಷಪಾತವಿಲ್ಲ, ನಮಸ್ಕಾರ. ಇವತ್ತು ನಾಲ್ಕು ಸಾಲಿಗೆ ಮೂರು ಸಲ ಎದ್ದೆ.

ಎದ್ದು ಹೋಗುವುದಕ್ಕೂ ಜಾಗವಿಲ್ಲ. ಹನ್ನೆರಡರಿಂದ ಮೂರೂವರೆಯವರೆಗೆ ಬಿಸಿಲುಬಿಡುವು. ನಿಮ್ಮ ಕಾಲದ ಕರ್ಫ್ಯೂ ಇದ್ದಂತೆ. ಪೊಲೀಸರ ಬದಲು ಸೂರ್ಯ. ಕಟ್ಟಡದ ಬಾಗಿಲುಗಳು ತಾವಾಗಿ ಮುಚ್ಚಿಕೊಂಡಿವೆ, ಕಿಟಕಿಗಳಿಗೆ ಒದ್ದೆ ಲಾವಂಚದ ತಡಿಕೆ ಇಳಿದಿದೆ, ಕ್ಯಾಂಟೀನಿನವನು ತಣ್ಣನೆ ರಾಗಿ ಅಂಬಲಿಯ ಲೋಟ ಇಟ್ಟು ಹೋಗಿದ್ದಾನೆ. ಗುಡ್ಡದ ಪೋಡುಗಳಿಂದ ರೋಗಿಗಳನ್ನು ತರುವ ತೂಗುಬಂಡಿಗಳು ತಂತಿಯ ಮೇಲೆ ಅಲ್ಲಲ್ಲೇ ನಿಂತಿವೆ. ಪೋಡು ಎಂದರೆ ಸೋಲಿಗರ ಹಾಡಿ. ನಿಮ್ಮ ಕಾಲದಲ್ಲೂ ಇದ್ದವು, ನೀವು ಸಫಾರಿಗೆ ಹೋಗುವಾಗ ಎಡಕ್ಕೆ ಕಾಣುತ್ತಿದ್ದವು. ಐದು ಗಂಟೆಗೆ ನಾನು ಸಹಿ ಹಾಕಬೇಕು. ಮೇಜಿನ ಮೇಲೆ ಪಟ್ಟಿ ಇದೆ. ಹನ್ನೆರಡು ಸಂಖ್ಯೆಗಳು, ಹನ್ನೆರಡು ಸೀಟುಗಳು.

ಇವು ವಾಸವೈದ್ಯರ ಸೀಟುಗಳು. ಡಾಕ್ಟರ ಪದವಿ ಮುಗಿಸಿ, ಹಿರಿಯರ ಕೈಕೆಳಗೆ ಮೂರು ವರ್ಷ ಪಳಗುವವರು. ನೀವು ಪಿಜಿ ಎನ್ನುತ್ತಿದ್ದಿರಿ. ಬಾಡಿಗೆ ಮಂಚಕ್ಕೂ ಅದೇ ಹೆಸರಂತೆ. ಎರಡರಲ್ಲೂ ನಿದ್ದೆ ಇರಲಿಲ್ಲವೆಂದಮೇಲೆ ಹೆಸರು ಒಂದೇ ಆದದ್ದು ನ್ಯಾಯವೇ. ನಮ್ಮ ವಾಸವೈದ್ಯರಿಗೆ ಆಸ್ಪತ್ರೆಯಲ್ಲಿ ವಾಸ, ಊಟಕ್ಕೆ ಉಪವಾಸ, ಮನೆಗೆ ವನವಾಸ. ಆದರೂ ಹನ್ನೆರಡು ಸೀಟಿಗೆ ಈ ವರ್ಷ ನೂರ ನಾಲ್ಕು ಜನ ಬಂದಿದ್ದರು. ಈ ಸೀಟು ಸಿಕ್ಕವರೇ ನಾಳೆ ಇಲ್ಲಿನ ದೊಡ್ಡ ಡಾಕ್ಟರಾಗುವವರು, ಅವರೇ ನಾಡಿದ್ದು ಮುಂದಿನವರನ್ನು ಆರಿಸುವವರು.

ನನ್ನ ಸರದಿಯ ಕಥೆ ಹೇಳಿಬಿಡುತ್ತೇನೆ. ನಲವತ್ತು ವರ್ಷದ ಹಿಂದೆ ನಾನು ಸಂದರ್ಶನಕ್ಕೆ ಹೋದಾಗ, ಕೂತಿದ್ದ ಮೂವರಲ್ಲಿ ಇಬ್ಬರು ನನ್ನ ತಾತನ ಶಿಷ್ಯರು. "ಹರದನಹಳ್ಳಿ ಡಾಕ್ಟರ ಮೊಮ್ಮಗಳಲ್ಲವೇನಮ್ಮ ನೀನು? ಕೂತ್ಕೊ, ಕೂತ್ಕೊ" ಎಂದರು. ಕಾಫಿ ಬಂತು. ಒಬ್ಬರು "ಸಕ್ಕರೆ ಎಷ್ಟು?" ಎಂದು ಕೇಳಿದರು. ಪರೀಕ್ಷೆ ಶುರುವಾಯಿತೆಂದುಕೊಂಡು ನಾನು "ಬರಿಹೊಟ್ಟೆಯಲ್ಲಿ ನೂರರ ಒಳಗಿರಬೇಕು ಸರ್" ಎಂದೆ. ಮೂವರೂ ಮೇಜು ಕುಟ್ಟಿ ನಕ್ಕರು, ಸೀಟು ಸಿಕ್ಕಿತು. ನನ್ನ ಹಿಂದೆ ಕಾರಿಡಾರಿನಲ್ಲಿ ಕೂತವರ ತಾತಂದಿರಿಗೆ ಶಿಷ್ಯರಿರಲಿಲ್ಲ. ಅವರಿಗೆ ಹೃದಯದ ಕವಾಟಗಳ ಬಗ್ಗೆ ಕೇಳಿದರು.

ಆ ಕಾಫಿ ನನಗೆ ಅರಗಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಈ ಆಸ್ಪತ್ರೆಯ ಮೆಡಿಸಿನ್ ವಿಭಾಗ ನನ್ನ ಕೈಗೆ ಬಂದ ಕೂಡಲೇ ಮಾಡಿದ ಮೊದಲ ಕೆಲಸ ಮರೆ ಕಟ್ಟಿಸಿದ್ದು. ಮರೆಯೆಂದರೆ ಒಂದು ಗೋಡೆ. ಅಭ್ಯರ್ಥಿ ಮತ್ತು ರೋಗಿ ಆ ಕಡೆ, ಆರಿಸುವ ನಾವು ಮೂವರು ಈ ಕಡೆ. ಹೆಸರಿಲ್ಲ, ಮುಖವಿಲ್ಲ, ಊರಿಲ್ಲ, ಸಂಖ್ಯೆ ಮಾತ್ರ. ದನಿಯಿಂದ ಕುಲ ಊಹಿಸಬಾರದೆಂದು ಸಮನುಡಿ ಎಂಬ ಯಂತ್ರ ಇಟ್ಟೆವು. ಆ ಕಡೆ ಯಾರು ಯಾವ ನುಡಿಯಲ್ಲಿ ಹೇಗೆ ಆಡಿದರೂ ಈ ಕಡೆ ಅದು ಒಂದೇ ಬಗೆಯ ಗ್ರಂಥಕನ್ನಡದಲ್ಲಿ ಅಚ್ಚಾಗಿ ಬರುತ್ತದೆ. "ಹೊಟ್ಟ ನೋವಾ ಅಜ್ಜಿ" ಎಂದದ್ದು "ತಮ್ಮ ಉದರದಲ್ಲಿ ವೇದನೆಯಿದೆಯೇ?" ಎಂದಾಗುತ್ತದೆ. ರೋಗಿಯ ಗುರುತನ್ನೂ ಮುಚ್ಚಿದೆವು. ನಾನು ಇದಕ್ಕಾಗಿ ಬೆಂಗಳೂರಿಗೆ ಎಷ್ಟು ಸಲ ಅಲೆದೆನೆಂದರೆ ಹುಡುಗರು ನನಗೆ ಮರೆಯಮ್ಮ ಎಂದೇ ಹೆಸರಿಟ್ಟರು; ನಾನು ರೇಗಿದ ದಿನ ಅಕ್ಷರ ಒಂದಿಷ್ಟು ತಿದ್ದಿ ಮಾರಿಯಮ್ಮ ಎನ್ನುತ್ತಾರೆ. ರಾಜ್ಯದ ಎಲ್ಲ ಕಡೆಯಿಂದ ಬಂದು ನಮ್ಮ ಮರೆ ನೋಡಿ ಹೋದರು.

ಹತ್ತೊಂಬತ್ತು ವರ್ಷಕ್ಕೆ ಇನ್ನೂರ ಇಪ್ಪತ್ತೆಂಟು ಸೀಟು. ನಮ್ಮ ವಾರ್ಡಿನ ನಲವತ್ತು ಹಾಸಿಗೆಗಳಲ್ಲಿ ಯಾವತ್ತೂ ಹದಿನಾಲ್ಕು ಹದಿನೈದರಲ್ಲಿ ಪೋಡಿನವರಿರುತ್ತಾರೆ. ಪೋಡಿನಿಂದ ಬಂದ ವಾಸವೈದ್ಯರು ಈವರೆಗೆ ಒಬ್ಬರು; ಅವರೂ ಎರಡನೇ ವರ್ಷ ಬಿಟ್ಟುಹೋದರು. ಇದನ್ನು ಯಾರಾದರೂ ಎತ್ತಿದರೆ ನನ್ನ ಬಳಿ ಉತ್ತರ ಸಿದ್ಧವಿತ್ತು: ನಾವು ನೋಡಿಯೇ ಇಲ್ಲವಲ್ಲ, ಪಕ್ಷಪಾತ ಎಲ್ಲಿಂದ ಬರಬೇಕು? ಮರೆಯ ಹಿಂದೆ ಕೂತು ಏನನ್ನೆಲ್ಲ ಮರೆತಿದ್ದೆವೆಂದು ಇವತ್ತು ಬೆಳಿಗ್ಗೆ ಎಂಟೂವರೆಯವರೆಗೆ ನನಗೆ ಹೊಳೆದಿರಲಿಲ್ಲ.

ಇನ್ನೊಂದು ಸಂಗತಿ ತಿಳಿಸಿದರೆ ನಿಮಗೆ ಮುಂದಿನದು ಸಲೀಸು. ರೋಗದ ಹೆಸರು ಹೇಳುವ ಕೆಲಸವನ್ನು ನಮ್ಮಲ್ಲಿ ಹೆಚ್ಚಾಗಿ ಮೈಗನ್ನಡಿ ಮಾಡುತ್ತದೆ. ಆಳೆತ್ತರದ ಗಾಜಿನ ತೊಟ್ಟಿಲು. ಮಲಗಿದರೆ ಒಳಗಿನದೆಲ್ಲ ಕಾಣುತ್ತದೆ. ಆದ್ದರಿಂದ ಆಯ್ಕೆಯಲ್ಲಿ ರೋಗ ಗುರುತಿಸುವುದಕ್ಕೆ ಹತ್ತೇ ಅಂಕ, ರೋಗಿಯೊಡನೆ ನಡೆದುಕೊಂಡ ಬಗೆಗೆ ಐವತ್ತು. ಆ ಐವತ್ತರಲ್ಲಿ ಹದಿನೈದು ಕಾಠಿಣ್ಯದ ಅಂಕ. ಬಾಯಿ ಬಿಡದ ರೋಗಿ ಸಿಕ್ಕವರಿಗೆ ಅನ್ಯಾಯವಾಗಬಾರದಲ್ಲ? ರೋಗಿ ಎಷ್ಟು ಹೊತ್ತು ಮೌನವಾಗಿದ್ದರೋ ಅಷ್ಟು ಕಾಠಿಣ್ಯ ಎಂದು ಲೆಕ್ಕ. ಮಾತಾಡುವ ರೋಗಿ ಸುಲಭ ರೋಗಿ, ಅಂಕ ಸೊನ್ನೆ. ಈ ನಿಯಮ ಬರೆದವಳು ನಾನು. ಬರೆದ ದಿನ ಎಷ್ಟು ಬೀಗಿದ್ದೆನೆಂದರೆ ಮನೆಯಲ್ಲಿ ಪಾಯಸ ಮಾಡಿಸಿದ್ದೆ.

ಇವತ್ತು ಬೆಳಿಗ್ಗೆ ವಾರ್ಡಿಗೆ ಹೋದೆ. ಇಪ್ಪತ್ತೊಂದನೇ ಹಾಸಿಗೆಯ ಕೇತಮ್ಮ ಎಂಟು ದಿನದಿಂದ ಮೈಗನ್ನಡಿಗೆ ಒಪ್ಪಿರಲಿಲ್ಲ. ಎಪ್ಪತ್ತು ದಾಟಿದ ಸೋಲಿಗರ ಮುದುಕಿ, ಹೊಟ್ಟೆ ಉಬ್ಬಿಕೊಂಡು ಬಂದಿದ್ದರು. "ನನ್ನೊಳಗ ನಾನೇ ನೋಡಿಲ್ಲ, ನೀವ್ಯಾಕ್ ನೋಡೀರಿ?" ಎಂದು ಗೋಡೆಗೆ ತಿರುಗಿ ಮಲಗುತ್ತಿದ್ದರು. ಒಪ್ಪಿಗೆಯಿಲ್ಲದೆ ಮಲಗಿಸುವಂತಿಲ್ಲ. ಎಲ್ಲರೂ ಲಿವರ್ ಎಂದುಕೊಂಡಿದ್ದೆವು. ಇವತ್ತು ನೋಡಿದರೆ ಅವರ ಕನ್ನಡಿ ಚಿತ್ರ ಮಂಚದ ತಲೆಗೆ ತೂಗುತ್ತಿದೆ. ಲಿವರ್ ಅಲ್ಲ. ಹೃದಯದ ಸುತ್ತಲ ಚೀಲದಲ್ಲಿ ನೀರು.

ವಾರ್ಡಿನ ನರ್ಸು ಬ್ರದರ್ ಸಿದ್ದಪ್ಪಾಜಿ ಔಷಧದ ಟ್ರಾಲಿ ತಳ್ಳುತ್ತಾ ಬಂದರು. ಯಾರು ಒಪ್ಪಿಸಿದರು ಎಂದು ಕೇಳಿದೆ. "ನಾನಲ್ಲ ಮೇಡಂ. ಪರೀಕ್ಷೆ ದಿನ ಒಂದು ಹುಡುಗಿ ಬಂದಿದ್ಲಲ್ಲ, ಅವ್ಳು 'ಎದೇಲಿ ನೀರು ನಿಂತದೆ ಅಜ್ಜಿ, ಕನ್ನಡೀಲಿ ಒಂದ್ಸಲ ನೋಡಿಸ್ಕೊ' ಅಂದಿದ್ಲಂತೆ. ಇವತ್ತು ಅಜ್ಜಿ ತಾನೇ ಎದ್ದು ಹೋಗಿ ಮನಿಕಂತು" ಎಂದರು.

ಅಲ್ಲಿಗೇ ನಿಲ್ಲಬೇಕಿತ್ತು. ನನಗೆ ಕುತೂಹಲ. ಮಂಚದ ಅಂಚಿಗೆ ಕೂತು ಕೇತಮ್ಮನನ್ನು ಕೇಳಿದೆ: ಬೇರೆಯವರು ಯಾರೂ ಕೇಳಲಿಲ್ಲವೇ ಅಜ್ಜಿ?

"ಹನ್ನೊಂದು ಜನ ಬಂದ್ರು ಕನವ್ವ ಡಾಕ್ಟ್ರಮ್ಮ. ಬಂದವ್ರೆಲ್ಲ ಹೊಟ್ಟ ಒತ್ತಿ 'ನೋವು ಅದಾ, ನೋವು ಅದಾ' ಅಂದ್ರು. ನಂಗ ನೋವಿಲ್ಲ. ಇಲ್ದುದ್ದ ಅದ ಅನ್ನನಾ? ಸುಮ್ಕಿದ್ದಿ. ಆಮೇಲ ಆ ಕೂಸು ಬಂತು. ನಮ್ ಮಾತ್ಲೇ 'ನೀ ಇಲ್ಲಿ ಮನಿಕಂಡಿದ್ದೀಯ, ಆಡ್ಗಳ ಯಾರು ನೋಡ್ಕಂಡವ್ರೆ' ಅಂತು. ಆಡು ಎಲ್ಲವ? ಗುಡ್ಡ ಹತ್ತಕ್ಕಾಯ್ತಿಲ್ಲ, ಉಸ್ರು ಕಟ್ಟುತ್ತ, ಯಾವತ್ತೋ ಕೊಟ್ಬುಟ್ಟಿ ಅಂದಿ. 'ಯಾವಾಗ್ಲಿಂದ ಹತ್ತಕ್ಕಾಯ್ತಿಲ್ಲ' ಅಂತು. ರಾಗಿ ಕುಯ್ಲಿಂದ ಅಂದಿ. ಕತ್ತು ನೋಡ್ತು, ಎದ ಮ್ಯಾಲ ಕಿವಿ ಮಡಗ್ತು." ಆಮೇಲೆ ನನ್ನನ್ನೇ ಒಂದು ಗಳಿಗೆ ನೋಡಿದರು. "ನೀ ಇಷ್ಟ್ ವರ್ಸದ ಡಾಕ್ಟ್ರು. ನಿಂಗ ಆಡು ಗೊತ್ತಿಲ್ವಾ?"

ಗೊತ್ತಿಲ್ಲ ಎಂದೆ. "ಪಾಪ" ಎಂದರು.

ಆದರೆ ಆ ಆಡುಗಳನ್ನು ನಾನು ಮೊದಲೇ ಓದಿದ್ದೆ. ಮರೆಯ ಈ ಕಡೆ, ಗ್ರಂಥಕನ್ನಡದಲ್ಲಿ: "ತಮ್ಮ ಮೇಕೆಗಳನ್ನು ಪ್ರಸ್ತುತ ಯಾರು ಪಾಲಿಸುತ್ತಿದ್ದಾರೆ?" ಯಂತ್ರ ಪ್ರಸ್ತುತ ಎಂದಿತ್ತು, ಪಕ್ಕದಲ್ಲಿ ನಾನು ಅಪ್ರಸ್ತುತ ಎಂದು ಗೀಚಿದ್ದೆ. ಆ ಅಭ್ಯರ್ಥಿಯನ್ನು ಇಪ್ಪತ್ತೇಳು ಎನ್ನೋಣ. ನಿಜವಾದ ಸಂಖ್ಯೆ ಅದಲ್ಲ. ಕೋಣೆಗೆ ಓಡಿಬಂದು ಇಪ್ಪತ್ತೇಳರ ಹಾಳೆ ತೆಗೆದೆ. ಕೆಳಗೆ ನನ್ನದೇ ಕೈಬರಹ: "ರೋಗಿ ತಾನಾಗಿಯೇ ಎಲ್ಲವನ್ನೂ ಹೇಳಿದ್ದಾರೆ. ಸುಲಭ ರೋಗಿ. ಅಭ್ಯರ್ಥಿಯ ಕೌಶಲ ತಿಳಿಯಲು ಅವಕಾಶವಾಗಲಿಲ್ಲ. ಕಾಠಿಣ್ಯ: ಸೊನ್ನೆ." ಹೊಟ್ಟೆ ಉಬ್ಬಿದ, ಬಾಯಿಬಿಡದ ರೋಗಿಯಿದ್ದ ಹಾಳೆಗಳನ್ನು ಹುಡುಕಿದರೆ ಸರಿಯಾಗಿ ಹನ್ನೊಂದು. ಅವುಗಳಲ್ಲಿ ಇದ್ದದ್ದೂ ಅದೇ ಕೇತಮ್ಮ ಎಂದು ಅಂಕ ಹಾಕುವಾಗ ನಮಗೆ ತಿಳಿಯುವಂತಿರಲಿಲ್ಲ. ಅವರಿಗೆಲ್ಲ ನಾನು "ಅಸಹಕಾರಿ ರೋಗಿಯೊಡನೆಯೂ ತಾಳ್ಮೆ" ಎಂದು ಬರೆದು ಹದಿಮೂರು, ಹದಿನಾಲ್ಕು, ಹದಿನೈದು ಕೊಟ್ಟಿದ್ದೆ. ಅವರಲ್ಲಿ ನಾಲ್ವರು ಪಟ್ಟಿಯಲ್ಲಿದ್ದಾರೆ. ಇಪ್ಪತ್ತೇಳು ಹದಿಮೂರನೆಯ ಸ್ಥಾನದಲ್ಲಿದ್ದಾಳೆ, ಒಂದೂವರೆ ಅಂಕ ಹಿಂದೆ. ಹಾಳೆಯ ಮೂಲೆಯಲ್ಲಿ ಮೂರನೇ ಯತ್ನ ಎಂಬ ಮುದ್ರೆ. ನಮ್ಮಲ್ಲಿ ನಾಲ್ಕನೆಯದಿಲ್ಲ. ಹಿಂದಿನ ಎರಡು ಸಲವೂ ಈ ಹುಡುಗಿಗೆ ಸುಲಭ ರೋಗಿಗಳೇ ಸಿಕ್ಕಿರಬೇಕು.

ಅಂಬಲಿ ಬಿಸಿಯಾಯಿತು. ಇನ್ನೊಮ್ಮೆ ಎದ್ದು ಕಿಟಕಿಯವರೆಗೆ ಹೋಗಿಬಂದೆ.

ಇನ್ನೂ ಕೆಟ್ಟ ಸುದ್ದಿ ಇದೆ. ನಾನು ಮಂಚದಿಂದ ಏಳುವಾಗ ಕೇತಮ್ಮ ಸೆರಗು ಹಿಡಿದು "ಆ ಕೂಸು ಮತ್ತ ಬತ್ತದಾ?" ಎಂದು ಕೇಳಿದರು. ಯಾರೋ ನನಗೆ ಗೊತ್ತಿಲ್ಲವಲ್ಲ ಅಜ್ಜಿ ಎಂದೆ. ಬೇಡ ಎಂದು ಕೈಯೆತ್ತುವಷ್ಟರಲ್ಲಿ ಅವರು ಹುಡುಗಿಯ ಹೆಸರು, ಅಪ್ಪನ ಹೆಸರು, ಪೋಡು, ಕುಲ, ಅವಳ ಸೋದರತ್ತೆ ಯಾರ ಮನೆಗೆ ಕೊಟ್ಟ ಹೆಣ್ಣು ಎಂಬುದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟರು. ಆ ಉಸಿರು ಅವರಿಗೆ ಎಲ್ಲಿತ್ತೋ! "ನಮ್ಮೋರು ಮೊದ್ಲು ಕುಲ ಕೇಳ್ತರ, ಆಮೇಲ ಕೆಮ್ಮು" ಎಂದು ಸಮಜಾಯಿಷಿಯನ್ನೂ ಕೊಟ್ಟರು. ಹತ್ತೊಂಬತ್ತು ವರ್ಷ ನಾನು ಕಾಪಾಡಿದ ಗೋಡೆಯನ್ನು ಹಲ್ಲಿಲ್ಲದ ಬಾಯೊಂದು ಅರ್ಧ ನಿಮಿಷದಲ್ಲಿ ಕೆಡವಿತು.

ಇದಕ್ಕೆ ನಮ್ಮ ಕಾನೂನಿನಲ್ಲಿ ಮರೆಭಂಗ ಎಂದು ಹೆಸರು. ಪಟ್ಟಿಗೆ ಸಹಿ ಬೀಳುವ ಮುಂಚೆ ಆರಿಸುವವರಿಗೆ ಅಭ್ಯರ್ಥಿಯ ಗುರುತು ತಿಳಿದರೆ ಇಬ್ಬರಲ್ಲಿ ಒಬ್ಬರು ಹೊರಗೆ ಹೋಗಬೇಕು. ಹತ್ತೊಂಬತ್ತು ವರ್ಷದಲ್ಲಿ ಆರು ಸಲ ಹೀಗಾಗಿದೆ. ಆರು ಸಲವೂ ಹೋದದ್ದು ಅಭ್ಯರ್ಥಿ. ಆರರಲ್ಲಿ ಎರಡು ಆದೇಶ ನನ್ನವು.

ಹನ್ನೊಂದು ಗಂಟೆಗೆ ಡಾ. ಜಯಕೀರ್ತಿಯವರನ್ನು ಕರೆಸಿದೆ. ಅವರು ಸಮಿತಿಯ ಎರಡನೇ ಸದಸ್ಯರು, ನನಗಿಂತ ಹದಿನೈದು ವರ್ಷ ಕಿರಿಯರು, ಇರುವೆಯನ್ನೂ ದಾಟಿ ನಡೆಯುವ ಸಜ್ಜನ. ಹೆಸರು ಊರು ಬಿಟ್ಟು ಎಲ್ಲ ಹೇಳಿದೆ. ಅವರು ಎದ್ದು ಬಾಗಿಲು ಹಾಕಿಬಂದರು. "ಮೇಡಂ, ನೀವು ಇವತ್ತು ವಾರ್ಡಿಗೆ ಹೋಗೇ ಇಲ್ಲ. ನಾನು ಇಲ್ಲಿಗೆ ಬಂದೇ ಇಲ್ಲ. ಐದಕ್ಕೆ ಸಹಿ ಹಾಕಿ. ಮುಂದಿನ ವರ್ಷ ಆ ಹಾಳು ನಿಯಮ ತೆಗೆದುಬಿಡೋಣ" ಎಂದರು. ಮುಂದಿನ ವರ್ಷ ಅವಳಿಗೆ ಇಲ್ಲವಲ್ಲ ಎಂದೆ. "ಅವಳಿಗಿಲ್ಲ, ಅವಳಂಥ ಹತ್ತು ಜನಕ್ಕೆ ಇರುತ್ತೆ. ಇವತ್ತು ನೀವು ಒಳ್ಳೇದಕ್ಕೆ ಅಂತ ಮರೆ ಎತ್ತಿದರೆ, ನಾಳೆ ಇನ್ನೊಬ್ಬ ತನ್ನ ಅಳಿಯನಿಗೆ ಅಂತ ಎತ್ತುತ್ತಾನೆ. ಮತ್ತೆ ಕಾಫಿ ಬರುತ್ತೆ ಮೇಡಂ."

ಮರೆ ಬೇಡವೆಂದು ನಾನು ಈಗಲೂ ಹೇಳುವುದಿಲ್ಲ. ಅದಕ್ಕೆ ಮೊದಲು ಏನಿತ್ತೆಂದು ನಾನೇ ಕಂಡವಳು, ಸಕ್ಕರೆ ಹಾಕಿ ಕುಡಿದವಳು. ನಾನು ಕೇಳಿದ್ದು ಒಂದೇ: ಈ ನಾಲ್ಕು ಜನರನ್ನು ಆರಿಸಿಕೊಂಡು, ಕೇತಮ್ಮನ ಪಕ್ಕದ ಹಾಸಿಗೆಗೆ ನಾಳೆ ಬರುವವರಿಗೆ ಯಾರನ್ನು ಕಳಿಸೋಣ? ಜಯಕೀರ್ತಿ ಸುಮ್ಮನೆ ಕೂತರು. ಕಾಠಿಣ್ಯದ ಲೆಕ್ಕದಲ್ಲಿ ಅವರಿಗೆ ಹದಿನೈದಕ್ಕೆ ಹದಿನೈದು ಕೊಡಬಹುದಿತ್ತು.

ಅವರು ಹೊರಗೆ ಹೋದಮೇಲೆ ಕಾನೂನಿನ ಪುಸ್ತಕ ತೆಗೆದು ನಾನೇ ಬರೆದ ಸಾಲು ಮತ್ತೆ ಓದಿದೆ. "ಇಬ್ಬರಲ್ಲಿ ಒಬ್ಬರು." ಯಾರೆಂದು ಬರೆದಿಲ್ಲ. ಅಭ್ಯರ್ಥಿ ಹೋಗುವುದಾದರೆ ಸಂಖ್ಯೆ ನಮೂದಿಸಬೇಕು. ಸದಸ್ಯರು ಹೋಗುವುದಾದರೆ ಯಾವ ಸಂಖ್ಯೆಯನ್ನೂ ಹೇಳಬೇಕಿಲ್ಲ, ಕಾರಣ ಮಾತ್ರ ಬರೆಯಬೇಕು. ಅವರು ಹಾಕಿದ ಅಂಕಗಳೆಲ್ಲ ಬಿದ್ದುಹೋಗುತ್ತವೆ. ಹೊಸ ಸದಸ್ಯರು ಕೂತು ನೂರ ನಾಲ್ಕು ಹಾಳೆಗಳನ್ನೂ ಮತ್ತೆ ನೋಡಬೇಕು. ಹೋದವರು ಇನ್ನೆಂದೂ ಯಾವ ಆಯ್ಕೆಯಲ್ಲೂ ಕೂರುವಂತಿಲ್ಲ, ವಿಭಾಗದ ಮುಖ್ಯಸ್ಥರಾಗಿ ಉಳಿಯುವಂತಿಲ್ಲ. ಇಷ್ಟು ವರ್ಷ ಈ ದಾರಿ ಯಾರ ಕಣ್ಣಿಗೂ ಬೀಳದೆ ಇದ್ದದ್ದು ಹೇಗೆ ಎಂದು ಆಶ್ಚರ್ಯಪಟ್ಟೆ. ಆಮೇಲೆ ಆಶ್ಚರ್ಯ ಕಡಿಮೆಯಾಯಿತು. ಪುಸ್ತಕ ಇದ್ದದ್ದು ನಮ್ಮ ಕಪಾಟಿನಲ್ಲಿ.

ಈಗ ಮೂರೂವರೆ. ಬಿಡುವಿನ ಗಂಟೆ ಹೊಡೆಯಿತು, ತಡಿಕೆಗಳು ಮೇಲೇರಿದವು, ತೂಗುಬಂಡಿಗಳು ಕಿರುಗುಟ್ಟುತ್ತ ಹೊರಟಿವೆ. ಪಟ್ಟಿಯ ಕೆಳಗೆ ನನ್ನ ಸಹಿಯ ಜಾಗದಲ್ಲಿ ಬರೆದೆ: "ಮರೆಭಂಗವಾಗಿದೆ. ಹೋಗುವವಳು ನಾನು. ಕಾರಣ: ಹನ್ನೊಂದು ಜನರಿಗೆ ಬಾಯಿಬಿಡದ ರೋಗಿ ಒಬ್ಬರಿಗೆ ಬಾಯಿಬಿಟ್ಟದ್ದನ್ನು ರೋಗಿಯ ಸುಲಭತನವೆಂದು ಬಗೆದು ಅಂಕ ಕಳೆದಿದ್ದೇನೆ. ಕಾಠಿಣ್ಯದ ನಿಯಮ ನನ್ನದು. ಅದನ್ನು ತೆಗೆಯದೆ ಮತ್ತೆ ಅಂಕ ಹಾಕಬಾರದು." ಅಕ್ಷರ ಕೆಟ್ಟಿದೆ. ಡಾಕ್ಟರ ಕೈಬರಹವಲ್ಲವೇ, ಯಾರೂ ಗಮನಿಸಲಾರರು.

ಇದರಿಂದ ಇಪ್ಪತ್ತೇಳಕ್ಕೆ ಸೀಟು ಸಿಗುತ್ತದೆಯೇ? ಗೊತ್ತಿಲ್ಲ. ಹೊಸಬರು ನನ್ನ ಮಾತನ್ನು ಒಪ್ಪಬಹುದು, ನನ್ನನ್ನು ಅರಳುಮರುಳಿನ ಮುದುಕಿ ಎಂದು ಬದಿಗಿಡಬಹುದು. ತಿಳಿಯಲು ಇಪ್ಪತ್ತು ದಿನವಿದೆ. ಪಟ್ಟಿಯಲ್ಲಿದ್ದ ಹನ್ನೆರಡು ಜನ ಇವತ್ತು ಸಂಜೆ ನನ್ನನ್ನು ಶಪಿಸುತ್ತಾರೆ, ಅದರಲ್ಲಿ ಎಂಟು ಜನಕ್ಕಾದರೂ ಅದು ನ್ಯಾಯವೇ. ಆ ಹುಡುಗಿಗೆ ತನ್ನ ವಿಷಯದಲ್ಲಿ ಏನು ನಡೆಯಿತೆಂದು ಎಂದೂ ತಿಳಿಯುವುದಿಲ್ಲ. ಎದುರಿಗೆ ಕೂರಿಸಿಕೊಂಡು ತಪ್ಪಾಯಿತಮ್ಮ ಎನ್ನುವ ಹಕ್ಕೂ ನನಗಿಲ್ಲ. ಹಾಗೆ ಅಂದುಬಿಟ್ಟರೆ ಅವಳೇ ಹೊರಗೆ ಹೋಗುತ್ತಾಳೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಯಾರಾದರೂ ನಾಳೆ ಇಂಥದೊಂದು ಮೇಜಿನ ಹಿಂದೆ ಕೂರುವವರಿದ್ದರೆ ನನ್ನದೊಂದು ಕೋರಿಕೆ. ನಿಮ್ಮ ಮೇಜಿಗೆ ಕಾಫಿ ಬರುತ್ತಿರಬಹುದು, ಅಥವಾ ನೀವಾಗಲೇ ಪರದೆ ಕಟ್ಟಿ ನನ್ನ ಹಾಗೆ ನೆಮ್ಮದಿಯಾಗಿರಬಹುದು. ಅಂಕ ಹಾಕುವ ಮುಂಚೆ ಎದ್ದು ವಾರ್ಡಿಗೆ ಹೋಗಿ. ಅಭ್ಯರ್ಥಿಗಳು ಮುಟ್ಟಿದ ರೋಗಿಯ ಮಂಚದ ಅಂಚಿಗೆ ಕೂತು, ಹೆಸರು ಹೇಳಬೇಡಿ ಎಂದು ಮೊದಲೇ ಎಚ್ಚರಿಸಿ, ಇವರಲ್ಲಿ ಎಷ್ಟನೆಯವರನ್ನು ಮತ್ತೆ ಕಳಿಸಲಿ ಎಂದು ಕೇಳಿ. ಉತ್ತರ ನಿಮಗೆ ತಿಳಿಯದ ನುಡಿಯಲ್ಲಿ ಬಂದರೆ, ಆ ನುಡಿ ಬಲ್ಲ ನಿಮ್ಮ ವೈದ್ಯರೊಬ್ಬರನ್ನು ಕರೆಸಿ. ಹಾಗೆ ಕರೆಸಲು ನಿಮ್ಮ ಆಸ್ಪತ್ರೆಯಲ್ಲಿ ಒಬ್ಬರೂ ಇಲ್ಲವೆಂದಾದರೆ, ದಯವಿಟ್ಟು, ಆ ದಿನ ಯಾವ ಪಟ್ಟಿಗೂ ಸಹಿ ಹಾಕಬೇಡಿ.

ಇತಿ,
ಸುಲೋಚನಾ ಹರದನಹಳ್ಳಿ
ವೈದ್ಯೆ, ಮೆಡಿಸಿನ್ ವಿಭಾಗ. ಸಂಜೆ ಐದರವರೆಗೆ ಮುಖ್ಯಸ್ಥೆ